ಪದ್ಮಿನಿ ಕಾರಿಗೆ ಬ್ಯಾಟರಿ ಆಸಿಡ್ ಹೊಡೆದಿದ್ರೆ ಪೇಂಟ್ ಡಬ್ಬಿ ಕೊನೇಗೆ ತೆಗೀರಿ

ಪ್ರಶ್ನೆ: ಸರ್, ನಮ್ಮ ಮಾವನವರ 1986ರ ಪ್ರೀಮಿಯರ್ ಪದ್ಮಿನಿ ತಿಪಟೂರು ಹತ್ರ ತೋಟದ ಮನೆ ಶೆಡ್ಡಲ್ಲಿ ಆರೇಳು ವರ್ಷದಿಂದ ನಿಂತಲ್ಲೇ ನಿಂತಿತ್ತು. ರೆಡಿ ಮಾಡಿಸೋಣ ಅಂತ ಈಗ ಹೊರಗೆ ತೆಗೆಸಿದೀನಿ. ಬ್ಯಾಟರಿ ಎತ್ತಿ ನೋಡಿದ್ರೆ ಟ್ರೇ ಪುಡಿಪುಡಿ ಆಗಿದೆ, ಪಕ್ಕದ ಶೀಟಲ್ಲಿ ಪೇಂಟ್ ಬೊಬ್ಬೆ ಎದ್ದಿದೆ, ಅಲ್ಲಿಂದ ಕೆಳಗಡೆ ಕಂದು ಬಣ್ಣದ ಗೆರೆಗಳು ಇಳಿದಿವೆ, ವೈರ್ ತುದಿಯೆಲ್ಲ ಹಸಿರು. ನಮ್ಮೂರ ಟಿಂಕರ್ ಉಜ್ಜಿ ಎಂ-ಸೀಲ್ ತುಂಬಿ ಬ್ಲ್ಯಾಕ್ ಪೇಂಟ್ ಹೊಡೆದ್ರೆ ಸಾಕು ಅಂತಾರೆ. ಇನ್ನೊಬ್ರು ಸುಣ್ಣದ ನೀರು ಹಾಕಿ ಅಂತಾರೆ. ವಿಡಿಯೋಗಳಲ್ಲಿ ಕೋಲಾ ಸುರೀತಾರೆ. ಆಸಿಡ್ ಒಣಗಿ ವರ್ಷಗಳೇ ಆಗಿದೆಯಲ್ಲ, ಇನ್ನೇನು ಮಾಡುತ್ತೆ? ಹೊಸದಾಗಿ ಮೇಂಟೆನೆನ್ಸ್ ಫ್ರೀ ಬ್ಯಾಟರಿ ಹಾಕಿಬಿಟ್ರೆ ಮುಂದೆ ಈ ತಲೆನೋವು ಇರಲ್ಲ ತಾನೇ?

ಉತ್ತರ: ಗಾಡಿ ಉಳಿಯುತ್ತೆ, ಭಯ ಬೇಡ, ನೀವು ಬರೆದಿರೋದು ಓದಿದ್ರೆ ಇದು ಹಳೇ ಗಾಡಿಗಳಲ್ಲಿ ದಿನಾ ನೋಡೋ ಕೇಸು. ಆದ್ರೆ ಎಂ-ಸೀಲ್ ವಿಷಯ ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ನಿಮ್ಮ ಇನ್ನೊಂದು ಮಾತು ತಗೊಳ್ತೀನಿ, ಒಣಗಿದ ಆಸಿಡ್ ಇನ್ನೇನು ಮಾಡುತ್ತೆ ಅನ್ನೋದು, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ.

ಬ್ಯಾಟರಿ ಆಸಿಡ್ ಅಂದ್ರೆ ನೀರಲ್ಲಿ ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಫುಲ್ ಚಾರ್ಜ್ ಆದಾಗ ಗ್ರಾವಿಟಿ (ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋ ಅಳತೆ) 1.26-1.28 ತೋರ್ಸುತ್ತೆ, ಅಂದ್ರೆ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಪ್ಪಟ ಆಸಿಡ್, ಉಳಿದಿದ್ದು ನೀರು. ಇದು ಶೀಟ್ ಮೇಲೆ ಚೆಲ್ಲಿದಾಗ ಒಣಗೋದು ನೀರು ಮಾತ್ರ ಸ್ವಾಮಿ, ಆಸಿಡ್ ಅಲ್ಲ. ಸಲ್ಫ್ಯೂರಿಕ್ ಆಸಿಡ್ ಕುದಿಯೋಕೆ 300 ಡಿಗ್ರಿಗಿಂತ ಮೇಲೆ ಬಿಸಿ ಬೇಕು, ನಮ್ಮ ಬಿಸಿಲಿಗೆ ಅದು ಎಲ್ಲೂ ಹೋಗಲ್ಲ, ನೀರು ಹೋದಷ್ಟೂ ಉಳಿದ ಹನಿ ಇನ್ನೂ ಖಡಕ್ ಆಗುತ್ತೆ. ಬ್ಯಾಟರಿ ಅಂಗಡಿ ಹುಡುಗರ ಪ್ಯಾಂಟ್ ನೋಡಿದೀರಲ್ಲ, ಚೆಲ್ಲಿದ ದಿನ ಏನೂ ಕಾಣಲ್ಲ, ಎರಡು ದಿನ ಬಿಟ್ಟು ಒಗೆದಾಗ ತೂತು ತೂತು, ಅದೂ ಇದೇ ಕಥೆ. ಇದರ ಜೊತೆಗೆ ಆಸಿಡ್‌ಗೆ ಗಾಳಿಯಿಂದ ನೀರು ಎಳ್ಕೊಳ್ಳೋ ಗುಣ ಬೇರೆ ಇದೆ. ಬೇಸಿಗೇಲಿ ಸುಮ್ಮನಿದ್ದ ಜಾಗ ಜೂನ್ ಬಂತು ಅಂದ್ರೆ ಒದ್ದೆ ಆಗುತ್ತೆ, ಪೇಂಟ್ ಅಡಿಯಲ್ಲಿ, ಶೀಟಿನ ಜಾಯಿಂಟ್ ಒಳಗೆ ಹರಡ್ಕೊಂಡು ಹೋಗುತ್ತೆ. ಕಬ್ಬಿಣದ ಜೊತೆ ಸೇರಿ ಆಗೋ ಕಬ್ಬಿಣದ ಸಲ್ಫೇಟೂ ತೇವ ಹಿಡಿಯೋ ವಸ್ತುವೇ, ಅದು ಅಲ್ಲೇ ಕೂತ್ಕೊಂಡು ತುಕ್ಕು ಎಬ್ಬಿಸ್ತಾನೇ ಇರುತ್ತೆ. ಹಂಗಾಗಿ ಆರೇಳು ವರ್ಷ ಆಯ್ತು, ಮುಗೀತು ಅನ್ನೋ ಲೆಕ್ಕ ಇಲ್ಲಿ ಇಲ್ಲ.

ಇನ್ನೊಂದು ಮಾತು, ಇದು ನಿಮಗೆ ಆಶ್ಚರ್ಯ ಅನ್ನಿಸಬಹುದು. ಈ ಹಾನಿ ಶೆಡ್ಡಲ್ಲಿ ನಿಂತಾಗ ಆಗಿದ್ದಲ್ಲ, ಜಾಸ್ತಿ ಭಾಗ ಗಾಡಿ ಓಡ್ತಿದ್ದಾಗಲೇ ಆಗಿರುತ್ತೆ. ನಿಂತ ಗಾಡಿಯ ಬ್ಯಾಟರಿ ತಾನಾಗೇ ಡಿಸ್ಚಾರ್ಜ್ ಆಗ್ತಾ ಹೋಗುತ್ತೆ, ಹಂಗೆ ಆದಾಗ ಆಸಿಡ್‌ನಲ್ಲಿರೋ ಸಲ್ಫೇಟ್ ಪ್ಲೇಟಿಗೆ ಅಂಟ್ಕೊಂಡು ಒಳಗಿನ ನೀರು ಸಪ್ಪೆ ಆಗುತ್ತೆ. ಅಂಥಾ ಬ್ಯಾಟರಿ ಸೋರಿದ್ರೂ ಅಷ್ಟೊಂದು ತಿನ್ನಲ್ಲ. ನಿಜವಾಗ್ಲೂ ತಿನ್ನೋದು ಓವರ್‌ಚಾರ್ಜ್ ಆಗ್ತಿರೋ ಬ್ಯಾಟರಿ. ಅದು ಒಳಗೆ ಕುದ್ದಂಗೆ ಗುಳ್ಳೆ ಬಿಡ್ತಾ ಇರುತ್ತೆ, ಆ ಗುಳ್ಳೆ ಜೊತೆ ಕಣ್ಣಿಗೆ ಕಾಣದ ಆಸಿಡ್ ತುಂತುರು ಮುಚ್ಚಳದ ತೂತಿಂದ ಹೊರಗೆ ಬಂದು ಸುತ್ತ ಕೂರುತ್ತೆ, ಅದೂ ಫುಲ್ ಸ್ಟ್ರಾಂಗ್ ಆಸಿಡ್. ಅಂದ್ರೆ ನಿಮ್ಮ ಗಾಡಿಯ ಕಟೌಟ್ ಅಥವಾ ರೆಗ್ಯುಲೇಟರ್ (ಬ್ಯಾಟರಿಗೆ ಹೋಗೋ ಚಾರ್ಜನ್ನ ಹತೋಟೀಲಿ ಇಡೋ ಭಾಗ) ಕೆಟ್ಟಿರೋ ಸಾಧ್ಯತೆ ಜಾಸ್ತಿ. ಅದನ್ನ ನೋಡದೆ ಟ್ರೇ ಮಾತ್ರ ಹೊಸದು ಮಾಡಿಸಿದ್ರೆ ಆ ಟ್ರೇಗೂ ಅದೇ ಗತಿ. ಅಥವಾ ಟಾಪ್ ಅಪ್ ಮಾಡೋವಾಗ ಕುತ್ತಿಗೆವರೆಗೂ ನೀರು ತುಂಬ್ತಿದ್ರೇನೋ, ಅದೂ ನಮ್ಮ ಕಡೆ ಮಾಮೂಲಿ, ಪೆಟ್ರೋಲ್ ಬಂಕ್ ಹುಡುಗರಿಗೆ ತುಂಬಿ ತುಳುಕಿದ್ರೇನೇ ಸಮಾಧಾನ.

ಈಗ ಎಂ-ಸೀಲ್ ವಿಚಾರ. ಪದ್ಮಿನಿ ಅಂದ್ರೆ ಫಿಯಟ್ 1100, ಅದಕ್ಕೆ ಜೀಪಿಗೆ ಇದ್ದಂಗೆ ಬೇರೆ ಚಾಸಿ ಇಲ್ಲ. ಬಾಡೀನೇ ಚಾಸಿ. ಅಂಬಾಸಿಡರೂ ಹಂಗೇ. ಇಂಜಿನ್ ರೂಮಿನ ಒಳಗಿನ ಶೀಟು, ಅದರ ಕೆಳಗಿರೋ ಪೆಟ್ಟಿಗೆ ಥರದ ಮೆಂಬರು (ಭಾರ ಹೊರೋ ಟೊಳ್ಳು ತೊಲೆ), ಇವೆಲ್ಲ ಸೇರಿ ಮುಂದಿನ ಸಸ್ಪೆನ್ಷನ್ನು ಇಂಜಿನ್ನು ಹೊತ್ಕೊಂಡಿರೋದು. ಟ್ರೇ ಹೋದ್ರೆ ಟ್ರೇ ಅಷ್ಟೇ, ಬದಲಾಯಿಸಬಹುದು. ಆದ್ರೆ ಟ್ರೇ ಕೂತಿದ್ದ ಶೀಟು ತೆಳ್ಳಗಾಗಿದ್ರೆ ಅಲ್ಲಿ ಎಂ-ಸೀಲ್ ಮೆತ್ತೋದು ಅಂದ್ರೆ ತೂತು ಮುಚ್ಚಿದಂಗೆ ಕಾಣುತ್ತೆ, ಭಾರ ಹೊರೋಕೆ ಏನೂ ಇರಲ್ಲ. ಎಂ-ಸೀಲ್ ಅಡಿಯಲ್ಲಿ ಆಸಿಡ್ ಆರಾಮಾಗಿ ತನ್ನ ಕೆಲಸ ಮುಂದುವರಿಸುತ್ತೆ, ನಿಮಗೆ ಗೊತ್ತಾಗೋದು ಆ ತುಂಡು ಪೂರ್ತಿ ಕಿತ್ಕೊಂಡು ಬಂದಾಗ. ನಿಮ್ಮ ಟಿಂಕರ್ ಕೆಲಸ ಬರದವರು ಅಂತಲ್ಲ, ಮಾಮೂಲಿ ತುಕ್ಕಿಗೆ ಮಾಡೋ ಕೆಲಸನ ಆಸಿಡ್ ತುಕ್ಕಿಗೂ ಮಾಡ್ತಿದಾರೆ ಅಷ್ಟೇ.

ಕೆಲಸ ಶುರು ಮಾಡೋ ಮುಂಚೆ ಒಂದೆರಡು ಎಚ್ಚರಿಕೆ. ಕಣ್ಣಿಗೆ ಸುತ್ತ ಮುಚ್ಚೋ ಗಾಗಲ್, ಕೈಗೆ ರಬ್ಬರ್ ಗ್ಲೌಸ್ (ಪಾತ್ರೆ ತೊಳೆಯೋಕೆ ಹಾಕ್ತಾರಲ್ಲ, ಅದೇ ಸಾಕು), ಹಾಳಾದ್ರೂ ಪರವಾಗಿಲ್ಲ ಅನ್ನೋ ಬಟ್ಟೆ. ಪಕ್ಕದಲ್ಲಿ ಒಂದು ಬಕೆಟ್ ಬರೀ ನೀರು ಇರಲಿ. ಕಣ್ಣಿಗೆ ಸಿಡಿದ್ರೆ ಹದಿನೈದು ಇಪ್ಪತ್ತು ನಿಮಿಷ ಬರೀ ನೀರಲ್ಲಿ ತೊಳೆದು ನೇರ ಡಾಕ್ಟರ್ ಹತ್ರ ಹೋಗಿ, ಕಣ್ಣಿಗೆ ಸೋಡಾ ನೀರು ಹಾಕೋ ಬುದ್ಧಿವಂತಿಕೆ ಬೇಡ. ಟರ್ಮಿನಲ್ ಮೇಲಿರೋ ಬಿಳಿ ಪುಡೀಲಿ ಸೀಸ ಇರುತ್ತೆ, ಅದನ್ನ ಕಂಪ್ರೆಸರ್ ಗಾಳಿಲಿ ಊದಬೇಡಿ, ಒಣಗಿರೋವಾಗ ವೈರ್ ಬ್ರಷ್ ಹಾಕಿ ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿ ಒರೆಸಿ. ಎತ್ತಿಟ್ಟಿರೋ ಹಳೇ ಬ್ಯಾಟರಿನ ಒಂದು ಪ್ಲಾಸ್ಟಿಕ್ ಟಬ್ಬಲ್ಲಿ ನೇರವಾಗಿ ಇಡಿ, ಮಲಗಿಸಬೇಡಿ, ಸತ್ತಿದೆ ಅಂದ್ರೂ ಒಳಗೆ ಇನ್ನೂ ಇರುತ್ತೆ.

ಮೊದಲ ಕೆಲಸ ಆಸಿಡ್‌ನ ಕೊಲ್ಲೋದು. ಅದಕ್ಕೆ ಅಡುಗೆ ಸೋಡಾನೇ ಒಳ್ಳೇದು, ಬೇರೆ ಯಾವುದೂ ಬೇಕಿಲ್ಲ. ಆದ್ರೆ ಪ್ರಮಾಣ ಕೇಳಿ, ಯಾಕಂದ್ರೆ ಎಲ್ಲ ಕಡೆ ಒಂದು ಚಮಚ ಸೋಡಾ ಸಾಕು ಅಂತ ಹೇಳ್ತಾರೆ. ಲೆಕ್ಕ ಹಾಕಿದ್ರೆ ಒಂದು ಗ್ರಾಂ ಅಪ್ಪಟ ಸಲ್ಫ್ಯೂರಿಕ್ ಆಸಿಡ್‌ಗೆ ಸುಮಾರು 1.7 ಗ್ರಾಂ ಅಡುಗೆ ಸೋಡಾ ಬೇಕು. ಫುಲ್ ಚಾರ್ಜ್ ಆಗಿರೋ ಬ್ಯಾಟರಿಯ ಒಂದು ಲೀಟರ್ ಆಸಿಡ್ ಪೂರ್ತಿ ಚೆಲ್ಲಿದ್ರೆ ಹೆಚ್ಚುಕಮ್ಮಿ 800 ಗ್ರಾಂ ಸೋಡಾ ಸುರೀಬೇಕಾಗುತ್ತೆ! ನಿಮ್ಮ ಗಾಡೀಲಿ ಅಷ್ಟು ಆಸಿಡ್ ಇರಲ್ಲ, ಆದ್ರೂ ಚಿಕ್ಕ ಪ್ಯಾಕೆಟ್ ತಂದು ಮುಗಿಸೋ ಕೆಲಸ ಅಲ್ಲ, ಒಂದು ಕೆಜಿ ತಂದಿಟ್ಕೊಳ್ಳಿ, ದಿನಸಿ ಅಂಗಡೀಲಿ ಬಿಡಿಯಾಗಿ ಸಿಗುತ್ತೆ, ದುಡ್ಡೇನೂ ಜಾಸ್ತಿ ಆಗಲ್ಲ. ಉಗುರು ಬೆಚ್ಚಗಿನ ನೀರು ಲೀಟರಿಗೆ 80-90 ಗ್ರಾಂ, ಅದಕ್ಕಿಂತ ಜಾಸ್ತಿ ಹಾಕಿದ್ರೆ ಕರಗಲ್ಲ ತಳದಲ್ಲಿ ಕೂರುತ್ತೆ.

ಹಾಕೋದಕ್ಕೆ ಮೊದಲು ಬೊಬ್ಬೆ ಎದ್ದಿರೋ ಪೇಂಟೆಲ್ಲ ಸ್ಕ್ರೇಪರಲ್ಲಿ ಕೆರೆದು ತೆಗೀರಿ, ಜಾಯಿಂಟ್ ಮೇಲಿರೋ ಹಳೇ ಸೀಲರ್ ಕೂಡ. ಪೇಂಟ್ ಮೇಲೆ ಸೋಡಾ ಸುರಿದ್ರೆ ಪೇಂಟ್ ತೊಳೆದಂಗೆ ಆಗುತ್ತೆ, ಆಸಿಡ್ ಇರೋದು ಅದರ ಕೆಳಗೆ. ಆಮೇಲೆ ಸೋಡಾ ನೀರು ಹಾಕಿ ನೋಡಿ, ನೊರೆ ಬರುತ್ತೆ. ನೊರೆ ನಿಂತ ತಕ್ಷಣ ಮುಗೀತು ಅಂದ್ಕೋಬೇಡಿ, ಮೇಲ್ಮೈ ಮುಗೀತು ಅಷ್ಟೇ. ಎರಡು ಶೀಟ್ ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆಗಿರೋ ಕಡೆ ಬ್ಯಾಟರಿ ಆಸಿಡ್ ಒಳಗೆ ಹೋಗಿ ಕೂತಿರುತ್ತೆ. ಅಲ್ಲಿ ಹಳೇ ಬನಿಯನ್ ಬಟ್ಟೆನ ಸೋಡಾ ನೀರಲ್ಲಿ ನೆನೆಸಿ ಜಾಯಿಂಟ್ ಉದ್ದಕ್ಕೂ ಅಂಟಿಸಿ ಅರ್ಧ ಗಂಟೆ ಬಿಡಿ, ಸಿರಿಂಜ್ ಇದ್ರೆ ಸಂದಿಗೆ ಚುಚ್ಚಿ ಬಿಡಿ. ತೆಗೆದು ತೊಳೆದು ಮತ್ತೆ ಹಾಕಿದಾಗ ಮತ್ತೆ ನೊರೆ ಬಂದ್ರೆ ಇನ್ನೂ ಇದೆ ಅಂತ ಅರ್ಥ. ನೊರೆ ಪೂರ್ತಿ ನಿಲ್ಲೋವರೆಗೂ ಇದೇ ಕೆಲಸ, ಬೇಜಾರಾಗುತ್ತೆ, ಆದ್ರೆ ಇಡೀ ರಿಪೇರಿ ನಿಂತಿರೋದು ಇದರ ಮೇಲೆ. ಸೋಡಾ ಹಾಕೋ ಮುಂಚೆ ಸರ್ವೀಸ್ ಸ್ಟೇಷನ್‌ಗೆ ಒಯ್ದು ಪ್ರೆಷರ್ ವಾಷ್ ಹೊಡೆಸಬೇಡಿ, ಅದು ಇರೋ ಆಸಿಡ್‌ನ ಇನ್ನೂ ಒಳಗಿನ ಸಂದಿಗೆ ತಳ್ಳುತ್ತೆ. ಆಮೇಲೆ ಬೇಕಾದ್ರೆ ಹೊಡೆಸಿ.

ಸುಣ್ಣ ಯಾಕೆ ಬೇಡ ಅಂದ್ರೆ, ಸುಣ್ಣ ಆಸಿಡ್‌ನ ಕೊಲ್ಲುತ್ತೆ ನಿಜ, ಆದ್ರೆ ಎರಡೂ ಸೇರಿ ಜಿಪ್ಸಂ ಆಗಿ ಸಂದಿಯಲ್ಲೇ ಗಟ್ಟಿಯಾಗಿ ಕೂರುತ್ತೆ, ನೀರಿಗೆ ಸರಿಯಾಗಿ ಕರಗಲ್ಲ, ಅದರ ಹಿಂದೆ ಆಸಿಡ್ ಉಳಿದಿದ್ರೂ ಗೊತ್ತಾಗಲ್ಲ. ಶೆಡ್ಡಿನ ನೆಲಕ್ಕೆ ಚೆಲ್ಲಿದ್ರೆ ಸುಣ್ಣ ಹಾಕಿ, ಕಾರಿಗೆ ಬೇಡ. ಬಟ್ಟೆ ಒಗೆಯೋ ಸೋಡಾ ಜಾಸ್ತಿ ಖಾರ, ಕಬ್ಬಿಣಕ್ಕೆ ಓಕೆ, ಆದ್ರೆ ಕಾರ್ಬುರೇಟರ್, ಪೆಟ್ರೋಲ್ ಪಂಪ್ ಥರದ ಅಲ್ಯುಮಿನಿಯಂ, ಝಿಂಕ್ ಎರಕದ ಪಾರ್ಟ್ಸ್ ಮೇಲೆ ಬಿದ್ರೆ ಅವನ್ನ ಕಪ್ಪು ಮಾಡುತ್ತೆ. ಕೋಲಾದಲ್ಲಿ ಇರೋದು ಫಾಸ್ಫಾರಿಕ್ ಆಸಿಡ್ಡು ಸಕ್ಕರೆಯೂ, ಆಸಿಡ್ ತೆಗೆಯೋಕೆ ಇನ್ನೊಂದು ಆಸಿಡ್ ಸುರಿದು ಮೇಲೆ ಅಂಟು ಮೆತ್ತೋದು, ವಿಡಿಯೋಗೆ ಚೆನ್ನಾಗಿರುತ್ತೆ. ಟರ್ಮಿನಲ್ ಮೇಲಿನ ಪುಡಿಗೆ ಬಿಸಿನೀರೂ ಸೋಡಾನೂ ಸಾಕು. ಬ್ಯಾಟರಿ ಮೇಲೆ ಸೋಡಾ ನೀರು ಹಾಕೋವಾಗ ಮಾತ್ರ ಮುಚ್ಚಳ ಬಿಗಿಯಾಗಿರಲಿ, ಅದರ ತೂತಿಗೆ ಟೇಪ್ ಅಂಟಿಸಿ, ಕೆಲಸ ಆದ್ಮೇಲೆ ಟೇಪ್ ತೆಗೀರಿ. ಸೋಡಾ ಒಳಗೆ ಹೋದ್ರೆ ಆ ಸೆಲ್ ಅಲ್ಲಿಗೆ ಮುಗೀತು.

ಎರಡನೇ ಕೆಲಸ ತೊಳೆಯೋದು. ಇದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಸೋಡಾ ಮತ್ತು ಆಸಿಡ್ ಸೇರಿ ಆಗೋದು ಒಂದು ಉಪ್ಪು, ಸೋಡಿಯಂ ಸಲ್ಫೇಟ್. ಅದು ಮತ್ತೆ ಉಳಿದ ಸೋಡಾ ಶೀಟ್ ಮೇಲೆ ಹಂಗೇ ಇದ್ದು ಅದರ ಮೇಲೆ ಪ್ರೈಮರ್ ಹೊಡೆದ್ರೆ ಮಳೆಗಾಲದಲ್ಲಿ ಉಪ್ಪು ಪೇಂಟ್ ಮೂಲಕ ತೇವ ಎಳ್ಕೊಂಡು ಮತ್ತೆ ಬೊಬ್ಬೆ. ಆಗ ಎಲ್ಲರೂ ಪೇಂಟರ್‌ನ ಬೈತಾರೆ. ಬಿಸಿನೀರಲ್ಲಿ ನಾಲ್ಕೈದು ಸಲ ತೊಳೀರಿ, ಕೊನೇ ಸಲ ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ಇನ್ನೂ ಒಳ್ಳೇದು, ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು ಇರುತ್ತೆ.

ಶುದ್ಧ ಆಗಿದೆಯಾ ಅಂತ ನೋಡೋಕೆ ಸೈನ್ಸ್ ಲ್ಯಾಬ್ ಸಾಮಾನಿನ ಅಂಗಡೀಲಿ ಲಿಟ್ಮಸ್ ಪೇಪರ್ ತಗೊಳ್ಳಿ. ಜಾಯಿಂಟ್ ಹತ್ರ ಎರಡು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಐದು ನಿಮಿಷ ಬಿಟ್ಟು ನೀಲಿ ಪೇಪರ್ ಒತ್ತಿ, ಕೆಂಪಾದ್ರೆ ಆಸಿಡ್ ಇದೆ. ಪೇಪರ್ ಸಿಗಲಿಲ್ಲ ಅಂದ್ರೆ ಮನೆ ಮುಂದಿನ ಕೆಂಪು ದಾಸವಾಳ ಬಿಸಿನೀರಲ್ಲಿ ಹಾಕಿ ಬಣ್ಣ ಬಿಡಿಸಿಕೊಳ್ಳಿ, ಆ ನೀರು ಆಸಿಡ್ ಇದ್ರೆ ಗುಲಾಬಿ ಕೆಂಪು, ಸೋಡಾ ಉಳಿದಿದ್ರೆ ಹಸಿರು ಕಡೆ ತಿರುಗುತ್ತೆ. ಅರಿಶಿನ ಸೋಡಾ ಇದ್ರೆ ಕೆಂಪಗಾಗುತ್ತೆ, ಆದ್ರೆ ಆಸಿಡ್ ಇದ್ರೆ ಹಳದಿಯಾಗೇ ಇರುತ್ತೆ, ಅಂದ್ರೆ ತೊಳೆದಿದ್ದು ಸಾಕಾ ಅಂತ ಹೇಳುತ್ತೆ, ಆಸಿಡ್ ಹೋಯ್ತಾ ಅಂತ ಹೇಳಲ್ಲ. ಒಂದು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೊಮ್ಮೆ ಟೆಸ್ಟ್ ಮಾಡಿ, ಸಂದೀಲಿ ಉಳಿದಿದ್ರೆ ಅಷ್ಟೊತ್ತಿಗೆ ಆಚೆ ಬಂದಿರುತ್ತೆ. ಇದನ್ನೆಲ್ಲ ಜನವರಿಯಿಂದ ಮಾರ್ಚ್ ಒಳಗೆ ಮಾಡ್ಕೊಳ್ಳಿ, ಮಳೆಗಾಲದಲ್ಲಿ ಬರೀ ಶೀಟ್ ಬಿಟ್ರೆ ಸಂಜೆ ಒಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತೆ.

ಈಗ ಸುತ್ತಿಗೆ ತಗೊಳ್ಳಿ, ಚಿಕ್ಕದು. ಟ್ರೇ ಜಾಗದಿಂದ ಶುರು ಮಾಡಿ ಆ ಕಂದು ಗೆರೆ ಹಿಡ್ಕೊಂಡು ಕೆಳಗೆ ಹೋಗಿ. ಗೆರೆ ಅಂದ್ರೆ ಆಸಿಡ್ ಹೋದ ದಾರಿ, ಅದು ನಿಮಗೆ ಮ್ಯಾಪ್ ಬರೆದುಕೊಟ್ಟಿದೆ. ಮೆಲ್ಲಗೆ ತಟ್ಟುತ್ತಾ ಹೋಗಿ, ಗಟ್ಟಿ ಶೀಟು ಟಣ್ ಅನ್ನುತ್ತೆ, ತೆಳ್ಳಗಾಗಿರೋದು ತಗಡಿನ ಡಬ್ಬದ ಸದ್ದು ಕೊಡುತ್ತೆ, ಅನುಮಾನ ಇದ್ದ ಕಡೆ ಸ್ಕ್ರೂ ಡ್ರೈವರ್ ತುದಿ ಒತ್ತಿ ನೋಡಿ. ಆ ದಾರೀಲಿ ಏನೇನು ಸಿಗುತ್ತೋ ಎಲ್ಲ ನೋಡ್ಬೇಕು, ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರಿಂಗ್, ಮೆಂಬರ್ ಒಳಗಿನ ಟೊಳ್ಳು. ಬ್ರೇಕ್ ಪೈಪ್ ಮೇಲೆ ಆಸಿಡ್ ಹನಿ ಬಿದ್ದ ಗುರುತು, ಚುಕ್ಕಿ ಚುಕ್ಕಿ ಗುಂಡಿ ಕಂಡ್ರೆ ಉಜ್ಜಿ ಉಳಿಸೋ ಪ್ರಯತ್ನ ಬೇಡ. ಆ ಪೈಪ್ ಹೊಸದು ಮಾಡಿಸಿ. ಹಳೇ ಪದ್ಮಿನಿಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಆಯಿಲ್ ಲೈನು, ಒಂದು ಪೈಪ್ ಒಡೆದು ಆಯಿಲ್ ಹೋಯ್ತು ಅಂದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಅದು ಆಗೋವರೆಗೂ ಗಾಡಿ ಶೆಡ್ಡಿಂದ ಗೇಟ್‌ವರೆಗೂ ಓಡಿಸಬೇಡಿ. ಬ್ಯಾಟರಿ ಬಿಗಿ ಹಿಡಿಯೋ ರಾಡು ನಟ್ಟು ಕೂಡ ಹೊಸದೇ ಹಾಕಿ.

ಶೀಟ್ ಕಟ್ ಮಾಡೋವಾಗ ತೂತಿನ ಅಂಚಿಗೆ ನಿಲ್ಲಬಾರದು, ಗಟ್ಟಿ ಲೋಹ ಸಿಕ್ಕಿದ ಮೇಲೂ ಒಂದಿಂಚು ಆಚೆಗೆ ಹೋಗಿ ಕಟ್ ಮಾಡಿಸಿ. ಹೊಸ ತುಂಡಿಗೆ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತಗೊಳ್ಳಿ, ಬಾಡಿ ಶೀಟಿಗೆ 20 ಗೇಜ್ ಅಂದ್ರೆ 0.9 ಎಂಎಂ, ಟ್ರೇಗೆ ಮತ್ತೆ ಭಾರ ಬೀಳೋ ಕಡೆ 18 ಗೇಜ್, 1.2 ಎಂಎಂ. ತುಕ್ಕು ಹಿಡಿಯಲ್ಲ ಅಂತ ಜಿಐ ಶೀಟ್ (ಝಿಂಕ್ ಲೇಪದ ಶೀಟ್) ಹಾಕ್ತೀನಿ ಅಂದ್ರೆ ಒಪ್ಪಬೇಡಿ, ಝಿಂಕ್ ಆಸಿಡ್‌ಗೆ ಕಬ್ಬಿಣಕ್ಕಿಂತ ಬೇಗ ಕರಗುತ್ತೆ, ವೆಲ್ಡಿಂಗ್ ಹೊಗೆನೂ ಕೆಟ್ಟದ್ದು. ಹಳೇ ಶೀಟ್ ಮೇಲೆ ಹೊಸ ಶೀಟ್ ಪ್ಯಾಚ್ ಥರ ಕೂರಿಸೋದು ಟಿಂಕರ್‌ಗೆ ಸುಲಭ, ಆದ್ರೆ ಎರಡರ ಮಧ್ಯೆ ನೀರು ನಿಲ್ಲೋಕೆ ಹೊಸ ಜಾಗ ಮಾಡಿಕೊಟ್ಟಂಗೆ. ಅಂಚಿಗೆ ಅಂಚು ಸೇರಿಸಿ ಸಿಒ2 ವೆಲ್ಡಿಂಗಲ್ಲಿ ಚುಕ್ಕೆ ಚುಕ್ಕೆಯಾಗಿ, ಬಿಸಿ ಒಂದೇ ಕಡೆ ಸೇರದಂಗೆ ಮಾಡಿಸಿ. ವೆಲ್ಡಿಂಗ್ ಮಾಡೋವಾಗ ಬ್ಯಾಟರಿ ಗಾಡೀಲೂ ಇರಬಾರದು, ಪಕ್ಕದಲ್ಲೂ ಇರಬಾರದು, ಚಾರ್ಜ್ ಆಗ್ತಿರೋದಂತೂ ಆ ರೂಮಲ್ಲೇ ಇರಬಾರದು. ಬ್ಯಾಟರಿ ಬಿಡೋ ಹೈಡ್ರೋಜನ್ ಗಾಳೀಲಿ ನೂರಕ್ಕೆ 4 ಭಾಗ ಸೇರಿದ್ರೆ ಸಾಕು, ಕಿಡಿ ಬಿದ್ರೆ ಸಿಡಿಯುತ್ತೆ.

ತೂತಾಗದೆ ಬರೀ ಗುಂಡಿ ಬಿದ್ದಿರೋ ಕಡೆ ವೈರ್ ಕಪ್ ಬ್ರಷ್ ಹಾಕಿ ಉಜ್ಜಿ, ಗುಂಡಿ ತಳದಲ್ಲಿ ಕಪ್ಪಗೆ ಉಳಿದಿದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಾಕಬಹುದು. ಆದ್ರೆ ಸೋಡಾ ಪೂರ್ತಿ ತೊಳೆದಿರಬೇಕು, ಇಲ್ಲಾಂದ್ರೆ ಕನ್ವರ್ಟರ್ ತುಕ್ಕಿನ ಜೊತೆ ಕೆಲಸ ಮಾಡೋ ಬದಲು ಸೋಡಾ ಜೊತೆ ಮುಗಿದು ಹೋಗುತ್ತೆ. ಆಮೇಲೆ ಬರೀ ಶೀಟ್ ಮೇಲೆ ನೇರ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಎಪಾಕ್ಸಿ ಮೇಲೆ ಸೀಮ್ ಸೀಲರ್ (ಜಾಯಿಂಟ್ ಮುಚ್ಚೋ ಅಂಟು), ಅದರ ಮೇಲೆ ಬೇಕಾದ್ರೆ ಪುಟ್ಟಿ, ಅದರ ಮೇಲೆ ಬಣ್ಣ. ಬರೀ ಶೀಟಿಗೆ ಪುಟ್ಟಿ ಮೆತ್ತಿ ಮೇಲೆ ರೆಡ್ ಆಕ್ಸೈಡ್ ಹೊಡೆಯೋ ಹಳೇ ಪದ್ಧತಿ ಈ ಜಾಗಕ್ಕೆ ಆಗಲ್ಲ, ಪುಟ್ಟಿ ನೀರು ಕುಡಿಯುತ್ತೆ. ಮೆಂಬರ್ ಒಳಗಿನ ಟೊಳ್ಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯೋ ಮೇಣ) ಹೊಡೆಸಿ, ಅದು ಪೇಂಟೆಲ್ಲ ಒಣಗಿ ಮುಗಿದ ಮೇಲೆ.

ವೈರಿಂಗ್‌ಗೆ ಬರೋಣ. ಹಸಿರಾಗಿರೋ ತುದಿ ಮಾತ್ರ ಕಟ್ ಮಾಡಿ ಹೊಸ ಲಗ್ ಹಾಕಿದ್ರೆ ಆಯ್ತು ಅಂತ ಎಲೆಕ್ಟ್ರಿಷಿಯನ್ ಹೇಳ್ತಾರೆ. ಆದ್ರೆ ಎಳೆ ಎಳೆ ತಂತಿ ದೀಪದ ಬತ್ತಿ ಎಣ್ಣೆ ಎಳೆದಂಗೆ ಆಸಿಡ್‌ನ ರಬ್ಬರ್ ಒಳಗೇ ಎಳ್ಕೊಂಡಿರುತ್ತೆ. ಕಟ್ ಮಾಡಿ ನೋಡಿ, ತಾಮ್ರ ಹೊಳೀತಿದ್ರೆ ಸರಿ, ಕಪ್ಪಾಗಿದ್ರೆ ಇನ್ನೂ ಹಿಂದಕ್ಕೆ ಹೋಗಿ, ಅರ್ಧ ಅಡಿ ಹೋದ್ರೂ ಕಪ್ಪೇ ಇದ್ರೆ ಕೇಬಲ್ ಪೂರ್ತಿ ಬದಲಾಯಿಸಿ. ಮಲ್ಟಿಮೀಟರ್ ಇದ್ರೆ ಒಂದು ಟೆಸ್ಟ್ ಮಾಡಿ, ಸೆಲ್ಫ್ ಹೊಡೆಯೋವಾಗ ಬ್ಯಾಟರಿಯ ಪ್ಲಸ್ ಪೋಸ್ಟಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ವರೆಗೆ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು, ಮೈನಸ್ ಪೋಸ್ಟಿಂದ ಇಂಜಿನ್ ಬಾಡಿಗೆ ಇನ್ನೂ ಕಮ್ಮಿ ಇರಬೇಕು. ಎಷ್ಟೋ ಹಳೇ ಗಾಡಿಗಳಲ್ಲಿ ಸೆಲ್ಫ್ ವೀಕ್ ಅಂತ ಮೋಟರ್ ರಿವೈಂಡ್ ಮಾಡಿಸಿರ್ತಾರೆ, ತಪ್ಪು ಇದ್ದಿದ್ದು ಬಾಡಿಗೆ, ಇಂಜಿನ್ನಿಗೆ ಹೋಗೋ ಅರ್ತಿಂಗ್ ಪಟ್ಟಿಯಲ್ಲಿ. ಕೇಬಲ್ಲು, ಟರ್ಮಿನಲ್ಲು, ಅರ್ತಿಂಗ್ ಪಟ್ಟಿ ಬೆಂಗಳೂರಿನ ಜೆಸಿ ರೋಡ್ ಕಡೆ ಅಳತೆ ಕೊಟ್ರೆ ಮಾಡಿಕೊಡ್ತಾರೆ, ತಿಪಟೂರಿಂದ ರೈಲು ಹತ್ತಿದ್ರೆ ಒಂದು ದಿನದ ಕೆಲಸ.

ಬ್ಯಾಟರಿ ಬಿಚ್ಚೋವಾಗ ಅರ್ತ್ ಟರ್ಮಿನಲ್ ಮೊದಲು, ಹಾಕೋವಾಗ ಅದು ಕೊನೆಗೆ. ಇದನ್ನ ಓದ್ತಿರೋ ಬೇರೆ ಗಾಡಿಯವರಿಗೂ ಹೇಳ್ತಿದೀನಿ, 1960ರ ದಶಕದವರೆಗಿನ ಬ್ರಿಟಿಷ್ ಗಾಡಿಗಳಲ್ಲಿ ತುಂಬಾ ಕಡೆ ಪಾಸಿಟಿವ್ ಅರ್ತ್ ಇರುತ್ತೆ, ಬಾಡಿಗೆ ಹೋಗಿರೋ ವೈರ್ ಯಾವುದು ಅಂತ ಕಣ್ಣಾರೆ ನೋಡಿ ಬಿಚ್ಚಿ. ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಕೊಂಡಿರೋರು ಇವತ್ತೇ ಹಿಂದಿನ ಸೀಟ್ ಎತ್ತಿ ಬಲಗಡೆ ನೋಡಿ, ಬ್ಯಾಟರಿ ಅಲ್ಲೇ ಇರೋದು, ಅದರ ಕೆಳಗಿನ ಫ್ಲೋರ್ ಮೂಲೆ ಕೊಳೆಯೋದು ಆ ಗಾಡಿಯ ಪ್ರಪಂಚಪ್ರಸಿದ್ಧ ರೋಗ. ಅದಕ್ಕಿಂತ ಮುಖ್ಯ, ಬ್ಯಾಟರಿ ಮೇಲಿನ ಕವರ್ ಕಳೆದುಹೋಗಿದ್ರೆ ದಪ್ಪ ಆಸಾಮಿ ಹಿಂದೆ ಕೂತಾಗ ಸೀಟ್ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿ ಬೆಂಕಿ ಹತ್ತುತ್ತೆ. ಹಳೇ ಮಿನಿಯಲ್ಲಿ ಡಿಕ್ಕಿ ಒಳಗೆ, ಎಂಜಿಬಿಯಲ್ಲಿ ಸೀಟ್ ಹಿಂದೆ ಫ್ಲೋರ್ ಅಡಿ, ಮೊದಲಿನ ಗಾಡಿಗಳಲ್ಲಂತೂ ಆರಾರು ವೋಲ್ಟಿನ ಎರಡೆರಡು ಬ್ಯಾಟರಿ. ಕಣ್ಣಿಗೆ ಕಾಣದ ಕಡೆ ಇರೋ ಬ್ಯಾಟರಿಯನ್ನ ಯಾರೂ ನೋಡಲ್ಲ, ಹಂಗಾಗಿ ಅಲ್ಲಿ ಹಾಳೂ ಜಾಸ್ತಿ.

ಈಗ ನಿಮ್ಮ ಕೊನೇ ಪ್ರಶ್ನೆ, ಮೇಂಟೆನೆನ್ಸ್ ಫ್ರೀ. ನೀರು ಹಾಕೋ ಕೆಲಸ ಇಲ್ಲ, ತುಳುಕೋದು ಕಮ್ಮಿ, ಹಂಗಾಗಿ ಹಾಕಿ, ನನ್ನ ವೋಟೂ ಅದಕ್ಕೇ. ಆದ್ರೆ ಅದಕ್ಕೂ ಗ್ಯಾಸ್ ಬಿಡೋಕೆ ದಾರಿ ಇದೆ, ಪೂರ್ತಿ ಬೆಸುಗೆ ಹಾಕಿ ಮುಚ್ಚಿಲ್ಲ. ಓವರ್‌ಚಾರ್ಜ್ ಮಾಡಿದ್ರೆ ಅದೂ ತುಂತುರು ಬಿಡುತ್ತೆ, ಮೇಲಾಗಿ ಕಳ್ಕೊಂಡ ನೀರು ವಾಪಸ್ ಹಾಕೋಕೂ ಆಗಲ್ಲ, ಬೇಗ ಸಾಯುತ್ತೆ. ಅದಕ್ಕೇ ಬ್ಯಾಟರಿ ಕೊಳ್ಳೋಕೆ ಮುಂಚೆ ಚಾರ್ಜಿಂಗ್ ನೋಡಿಸಿ ಅಂತ ಹೇಳ್ತಿರೋದು. ಯಾರದ್ದಾದ್ರೂ ಒಂದು ಒಳ್ಳೆ ಬ್ಯಾಟರಿ ಸಾಲ ತಂದು ಹಾಕಿ, ಇಂಜಿನ್ ಬಿಸಿ ಆದ್ಮೇಲೆ ಲೈಟೆಲ್ಲ ಆಫ್ ಇಟ್ಟು ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಒಳಗಿದ್ರೆ ಸರಿ. 14.8 ದಾಟಿ ಹೋಗ್ತಿದ್ರೆ ನಿಮ್ಮ ಟ್ರೇ ತಿಂದವನು ಸಿಕ್ಕಿಬಿದ್ದ ಅಂದ್ಕೊಳ್ಳಿ. ಡೈನಮೋ ಇರೋ ಗಾಡಿ ಆದ್ರೆ ಕಟೌಟ್ ಒಳಗಿನ ಪಾಯಿಂಟ್ ಸುಟ್ಟು ಅಂಟ್ಕೊಂಡಿರಬಹುದು, ಅಥವಾ ಯಾರೋ ಹಿಂದೆ ಚಾರ್ಜ್ ಸಾಲಲ್ಲ ಅಂತ ಅದರ ಸ್ಕ್ರೂ ಟೈಟ್ ಮಾಡಿ ಹೋಗಿರಬಹುದು, ಅದನ್ನ ಸೆಟ್ ಮಾಡೋಕೆ ಹಳೇ ಕಾಲದ ಆಟೋ ಎಲೆಕ್ಟ್ರಿಷಿಯನ್ನೇ ಬೇಕು, ಇವತ್ತಿನ ಹುಡುಗರು ಕಟೌಟ್ ಮುಚ್ಚಳ ತೆಗೆದೇ ನೋಡಿರಲ್ಲ. ಆಲ್ಟರ್ನೇಟರ್ ಆಗಿದ್ರೆ ರೆಗ್ಯುಲೇಟರ್ ಬದಲಾಯಿಸಿದ್ರೆ ಮುಗೀತು.

ಹೊಸ ಟ್ರೇ ಮೇಲೆ ಬ್ಯಾಟರಿ ನೇರ ಇಡಬೇಡಿ, ಮಧ್ಯೆ ಒಂದು ಪ್ಲಾಸ್ಟಿಕ್ ಟ್ರೇ ಇರಲಿ. ಕಾಸ್ಟ್ಲಿ ಏನೂ ಬೇಡ, ಪಾತ್ರೆ ಅಂಗಡೀಲಿ ಸಿಗೋದೇ ಆಗುತ್ತೆ, ಅಡಿಯಲ್ಲಿ ತ್ರಿಕೋನದ ಒಳಗೆ 5 ಅಂತ ಇರೋದು ನೋಡಿ ತಗೊಳ್ಳಿ, ಅದು ಪಾಲಿಪ್ರಾಪಿಲೀನ್, ಬ್ಯಾಟರಿ ಡಬ್ಬವನ್ನೂ ಅದರಲ್ಲೇ ಮಾಡೋದು, ಆಸಿಡ್ ಏನೂ ಮಾಡಲ್ಲ. ಕಬ್ಬಿಣದ ಟ್ರೇಗೆ ಒಂದು ಡ್ರೈನ್ ತೂತು ಬಿಡಿಸಿ ಅದಕ್ಕೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಕೆಳಗೆ ರಸ್ತೆಗೆ ಬೀಳೋ ಹಂಗೆ ಮಾಡಿಸಿ, ಮೆಂಬರ್ ಮೇಲೆ ಬೀಳಬಾರದು. ಬ್ಯಾಟರಿ ಅಲ್ಲಾಡದಂಗೆ ಕ್ಲ್ಯಾಂಪ್ ಇರಲಿ, ಹಾಗಂತ ಜೋರಾಗಿ ಬಿಗಿದ್ರೆ ಡಬ್ಬ ಬಿರುಕು ಬಿಡುತ್ತೆ, ಹಳೇ ಗಟ್ಟಿ ರಬ್ಬರ್ ಬ್ಯಾಟರಿಗಳು ಸೋರ್ತಿದ್ದಿದ್ದೇ ಹಿಂಗೆ. ಟರ್ಮಿನಲ್ ಬಿಗಿ ಮಾಡಿದ ಮೇಲೆ ಹೊರಗಡೆಯಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಗ್ರೀಸ್ ಮೆತ್ತಿ ಆಮೇಲೆ ಟರ್ಮಿನಲ್ ಕೂರಿಸೋ ಪದ್ಧತಿ ಇದೆ, ಬೇಡ. ಗಾಡಿ ಮತ್ತೆ ತಿಂಗಳುಗಟ್ಟಲೆ ನಿಲ್ಲೋದಾದ್ರೆ ಬ್ಯಾಟರಿ ಬಿಚ್ಚಿ ಹೊರಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

ತೊಳೆದ ನೀರು ತೆಂಗಿನ ಬುಡಕ್ಕೋ ಬಾವಿ ಕಡೆಗೋ ಹೋಗದಂಗೆ ಟಬ್ ಹಿಡೀರಿ, ಆಸಿಡ್ ಸತ್ತಿದ್ರೂ ಸೀಸ ಸಾಯಲ್ಲ. ಹಳೇ ಬ್ಯಾಟರಿನ ಗುಜರಿಯವನಿಗೆ ಕೊಡಬೇಡಿ, ಅವನು ಆಸಿಡ್‌ನ ಮೋರಿಗೆ ಸುರಿದು ಸೀಸ ಮಾತ್ರ ತಗೊಂಡು ಹೋಗ್ತಾನೆ. ಹೊಸದು ತಗೊಳ್ಳೋ ಅಂಗಡೀಲೇ ಎಕ್ಸ್‌ಚೇಂಜ್‌ಗೆ ಕೊಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ತರಿಸಿ ರೀಸೈಕಲ್ ಮಾಡಿಸೋದು ಬ್ಯಾಟರಿ ತಯಾರಿಸೋರ ಜವಾಬ್ದಾರಿ, ನಿಮಗೂ ಹಳೇದರ ತೂಕಕ್ಕೆ ತಕ್ಕಂಗೆ ಬಿಲ್ಲಲ್ಲಿ ದುಡ್ಡು ಕಮ್ಮಿ ಆಗುತ್ತೆ. ಸುತ್ತಿಗೆ ಟೆಸ್ಟ್ ಮಾಡಿದ ಮೇಲೆ ಮೆಂಬರ್ ಹತ್ರ ಎಷ್ಟು ದೂರ ತೆಳ್ಳಗಾಗಿದೆ ಅಂತ ಅಳತೆ ಬರೆದು ಕಳಿಸಿ, ಅಲ್ಲಿ ಟಿಂಕರ್ ಕೈಲಿ ಆಗುತ್ತಾ ಅಥವಾ ಗಾಡಿನ ಜಿಗ್ (ಬಾಡಿ ಅಳತೆ ತಪ್ಪದಂಗೆ ಹಿಡಿಯೋ ಚೌಕಟ್ಟು) ಇರೋ ಕಡೆ ಒಯ್ಯಬೇಕಾ ಅಂತ ಅದನ್ನ ನೋಡಿ ಹೇಳ್ತೀನಿ.